ತೀರ್ಪಿನ ಬೆನ್ನ ಮೇಲಿನ ಮೊಹರು

ಸಿವಿಲ್ ಕೋರ್ಟಿನಿಂದ ತೀರ್ಪಿನ ದೃಢೀಕೃತ ನಕಲು ಕೈಗೆ ಬಂದರೆ ಕಕ್ಷಿದಾರ ನೇರವಾಗಿ ಕೊನೆಯ ಪುಟಕ್ಕೆ ಹೋಗುತ್ತಾನೆ. ದಾವೆ ಡಿಕ್ರಿಯಾಯಿತೋ ವಜಾ ಆಯಿತೋ, ಖರ್ಚು ಯಾರ ತಲೆಗೆ ಬಿತ್ತು, ಅಷ್ಟು ತಿಳಿದರೆ ಅವನಿಗೆ ಸಾಕು. ನುರಿತ ವಕೀಲರ ಗುಮಾಸ್ತ ಹುಡುಕುವುದು ಅದೇ ಪುಟದ ಅಂಚಿನಲ್ಲೋ ಬೆನ್ನ ಮೇಲೋ ಒತ್ತಿರುವ ನಕಲು ಶಾಖೆಯ ಮೊಹರನ್ನು. ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಎಂದು ಅದರಲ್ಲಿ ಸಾಲಾಗಿ ತಾರೀಖುಗಳಿರುತ್ತವೆ. ಸೋತವನಿಗೆ ಇನ್ನೆಷ್ಟು ದಿನ ಉಳಿದಿದೆ ಎಂಬುದು ನಲವತ್ತು ಪುಟದ ತೀರ್ಪಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದು ಗೊತ್ತಾಗುವುದು ಈ ತಾರೀಖುಗಳಿಂದ.

“ಇಲ್ಲೇನೂ ನ್ಯಾಯ ಸಿಗಲ್ಲ ಬಿಡಿ, ಹೈಕೋರ್ಟಿಗೇ ಹೋಗಿಬಿಡೋಣ” ಎಂದು ಸೋತವರು ಆವೇಶದಲ್ಲಿ ಹೇಳುತ್ತಿರುವಾಗ ಗುಮಾಸ್ತ ತಣ್ಣಗೆ ಕೇಳುತ್ತಾನೆ: “ಯಜಮಾನ್ರೇ, ಕಾಪಿಗೆ ಅರ್ಜಿ ಹಾಕಿದ್ದು ಯಾವತ್ತು?”

ಮೇಲ್ಮನವಿಯ ಕತೆ ಶುರುವಾಗುವುದು ಈ ಪ್ರಶ್ನೆಯಿಂದ. ಎಷ್ಟೋ ಸಲ ಮುಗಿಯುವುದೂ ಇಲ್ಲೇ.

ಕೋರ್ಟು ಕಚೇರಿಯ ಬಗ್ಗೆ ನಮ್ಮಲ್ಲಿ ಒಂದು ಗಾದೆಯಿದೆ: ಗೆದ್ದವನು ಸೋತ, ಸೋತವನು ಸತ್ತ. ಗಾದೆ ಮಾಡಿದವರು ಮೇಲ್ಮನವಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸೋತವನು ಸಾಯುವ ಮುಂಚೆ ಕಾನೂನು ಅವನಿಗೆ ಇನ್ನೊಂದು ಉಸಿರು ಕೊಡುತ್ತದೆ, ಆದರೆ ಎಣಿಸಿ ಕೊಡುತ್ತದೆ. ದಾವೆ ಹೂಡುವುದಕ್ಕೂ ಮೇಲ್ಮನವಿ ಹಾಕುವುದಕ್ಕೂ ಇರುವ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1974ರಲ್ಲೇ ಬಿಡಿಸಿ ಹೇಳಿದೆ. ಸಿವಿಲ್ ಸ್ವರೂಪದ ತಕರಾರು ಹೊತ್ತು ಕೋರ್ಟಿಗೆ ಹೋಗುವುದು ಎಲ್ಲರಿಗೂ ಸಹಜವಾಗಿ ಇರುವ ಹಕ್ಕು, ಅದಕ್ಕೆ ಯಾವ ಕಾಯ್ದೆಯ ಅಪ್ಪಣೆಯೂ ಬೇಕಿಲ್ಲ. ಮೇಲ್ಮನವಿಗೆ ಮಾತ್ರ ಕಾಯ್ದೆ ‘ಹಾಕಬಹುದು’ ಎಂದು ಬಾಯಿಬಿಟ್ಟು ಹೇಳಿರಬೇಕು. ಹೇಳಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊಟ್ಟ ಕೈಗೆ ಷರತ್ತು ಹಾಕುವ ಅಧಿಕಾರವೂ ಇರುತ್ತದಲ್ಲ, ಅವಧಿ, ಶುಲ್ಕ, ನಮೂನೆ, ಠೇವಣಿ ಎಲ್ಲ ಹೀಗೆ ಬಂದ ಷರತ್ತುಗಳು. 1909ರ ಜನವರಿ 1ರಿಂದ ಜಾರಿಯಲ್ಲಿರುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಂ ಮೊದಲ ಮೇಲ್ಮನವಿಯ ಬಾಗಿಲು ತೆರೆಯುತ್ತದೆ. ಒಳಗೆ ಹೇಗೆ ನಡೆದುಕೊಳ್ಳಬೇಕು ಎಂಬುದೆಲ್ಲ 41ನೇ ಆದೇಶದಲ್ಲಿದೆ.

ದಿನಗಳ ಲೆಕ್ಕ

ಕೆಳಗಿನ ಕೋರ್ಟಿನ ಡಿಕ್ರಿಯ ಮೇಲೆ ತಾಲೂಕು ಅಥವಾ ಜಿಲ್ಲಾ ಮಟ್ಟದ ಕೋರ್ಟಿಗೆ ಹೋಗುವುದಾದರೆ 30 ದಿನ, ಹೈಕೋರ್ಟಿಗಾದರೆ 90 ದಿನ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿಯ ಪ್ರಕರಣಗಳಿಗೆ 60 ದಿನ. ಈ ಮೂರು ಅಂಕಿ ಬಾಯಿಪಾಠ ಮಾಡಿಕೊಂಡವರು ಎಣಿಸುವುದರಲ್ಲಿ ಎಡವುತ್ತಾರೆ.

ಒಂದು ಉದಾಹರಣೆ ನೋಡೋಣ. ತಾಲೂಕಿನ ಕೋರ್ಟು ಜೂನ್ 10ರಂದು ತೀರ್ಪು ಕೊಟ್ಟಿತು ಅನ್ನಿ. ಕಾಲಮಿತಿ ಕಾಯ್ದೆಯ 12ನೇ ಕಲಮಿನ ಪ್ರಕಾರ ತೀರ್ಪಿನ ದಿನ ಲೆಕ್ಕಕ್ಕಿಲ್ಲ, ಎಣಿಕೆ 11ರಿಂದ. ನಕಲು ಪಡೆಯಲು ಹಿಡಿದ ಸಮಯವನ್ನೂ ಬಿಡಬೇಕು. ಜೂನ್ 20ರಂದು ನಕಲಿಗೆ ಅರ್ಜಿ ಹಾಕಿದ್ದು, ಕೇಳಿದಾಗ ಶುಲ್ಕ ಕಟ್ಟಿದ್ದು, ನಕಲು ಸಿದ್ಧವಾದದ್ದು ಜುಲೈ 5ಕ್ಕೆ. ಎರಡೂ ದಿನ ಸೇರಿಸಿದರೆ 16 ದಿನ. 30ಕ್ಕೆ 16 ಕೂಡಿಸಿ ಎಣಿಸಿದರೆ ಕೊನೆಯ ದಿನ ಜುಲೈ 26. ಅಂದು ಭಾನುವಾರವಾಗಿದ್ದರೆ ಸೋಮವಾರ ಹಾಕಬಹುದು. ಬೇರೆ ಪ್ರಕರಣದಲ್ಲಿ ಕೊನೆಯ ದಿನ ಬೇಸಿಗೆ ಇಲ್ಲವೇ ದಸರಾ ರಜೆಯಲ್ಲಿ ಬಿದ್ದು ಕೋರ್ಟು ಮುಚ್ಚಿದ್ದರೆ ಬಾಗಿಲು ತೆಗೆದ ಮೊದಲ ದಿನ ಹಾಕಬಹುದು.

ಇಷ್ಟು ಸರಳ. ಆದರೆ ನಕಲು ಜುಲೈ 5ಕ್ಕೇ ಸಿದ್ಧವಿದ್ದು, ನಾಟಿ ಕೆಲಸ ಮುಗಿಸಿ 20ಕ್ಕೆ ಹೋಗಿ ತಂದರೆ? ನಡುವಿನ ಹದಿನೈದು ದಿನ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ, ಕೊನೆಯ ದಿನ ಜುಲೈ 26 ಕದಲುವುದಿಲ್ಲ. ಕೋರ್ಟು ಡಿಕ್ರಿ ಬರೆಯಲು ತಡ ಮಾಡಿತು, ಬರೆದಾದ ಮೇಲೆ ಅರ್ಜಿ ಹಾಕೋಣ ಎಂದು ಸುಮ್ಮನಿದ್ದರೆ? ನಕಲಿಗೆ ಅರ್ಜಿ ಕೊಡುವ ಮುಂಚೆ ಡಿಕ್ರಿ ತಯಾರಿಗೆ ಹಿಡಿದ ಸಮಯ ಬಿಟ್ಟುಹೋಗುವುದಿಲ್ಲ ಎಂದು 12ನೇ ಕಲಮಿನ ವಿವರಣೆಯೇ ಸಾರಿ ಹೇಳುತ್ತದೆ. ಆದ್ದರಿಂದ ತೀರ್ಪು ಕೇಳಿ ಹೊರಬಂದವರು ಮೊದಲು ಹೋಗಬೇಕಾದದ್ದು ನಕಲು ಶಾಖೆಯ ಕಿಟಕಿಗೆ. ಕಾಫಿ, ಬೇಸರ, ತಮ್ಮ ವಕೀಲರ ಮೇಲಿನ ಸಿಟ್ಟು ಎಲ್ಲವೂ ಆಮೇಲೆ.

ಈಗ ಇ-ಕೋರ್ಟ್ಸ್ ಜಾಲತಾಣದಲ್ಲಿ ತೀರ್ಪು ಫೋನಿಗೇ ಬರುತ್ತದೆ. ಓದಿಕೊಳ್ಳಲು ಒಳ್ಳೆಯದು. ಆದರೆ ಆ ಪ್ರಿಂಟಿನ ಮೇಲೆ ಮೊಹರಿಲ್ಲ, ಅದು ದೃಢೀಕೃತ ನಕಲಿನ ಜಾಗ ತುಂಬುವುದಿಲ್ಲ. ಜಾಲತಾಣಕ್ಕೆ ತಡವಾಗಿ ಏರಿತು ಎಂಬ ಮಾತಿಗೂ ಕಾಲಮಿತಿಯ ಎಣಿಕೆಯಲ್ಲಿ ಜಾಗವಿಲ್ಲ. ನೆನಪಿನಲ್ಲಿರುವ ದೊಡ್ಡ ವಿನಾಯಿತಿ ಒಂದೇ: ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ ತಾನೇ ಮುಂದಾಗಿ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅಷ್ಟೂ ದಿನಗಳನ್ನು ದೇಶದ ಎಲ್ಲ ಕೋರ್ಟುಗಳ ಲೆಕ್ಕದಿಂದ ತೆಗೆದುಹಾಕಿತು.

ನಾಲ್ಕು ದಿನ, ಮೂರು ಸಾವಿರದ ಒಂಬೈನೂರ ಅರವತ್ತಾರು ದಿನ

ಅವಧಿ ಮೀರಿದರೆ ಕತೆ ಮುಗಿಯಿತೇ? ಇಲ್ಲ. ಕಾಲಮಿತಿ ಕಾಯ್ದೆಯ 5ನೇ ಕಲಂ ಒಂದು ಹಿತ್ತಲ ಬಾಗಿಲು ಇಟ್ಟಿದೆ. ‘ಸಾಕಷ್ಟು ಕಾರಣ’ ತೋರಿಸಿದರೆ ಕೋರ್ಟು ವಿಳಂಬ ಮನ್ನಾ ಮಾಡಬಹುದು. ಅದಕ್ಕೆ ಮೇಲ್ಮನವಿಯ ಜೊತೆಗೇ ಒಂದು ಮಧ್ಯಂತರ ಅರ್ಜಿ, ಅದಕ್ಕೊಂದು ಪ್ರಮಾಣಪತ್ರ ಇರಬೇಕು. ‘ಸಾಕಷ್ಟು’ ಎಂದರೆ ಎಷ್ಟು ಎಂದು ಮಾತ್ರ ಕಾಯ್ದೆ ಹೇಳುವುದಿಲ್ಲ. ಹೇಳುವ ಕೆಲಸ ಕೋರ್ಟುಗಳ ಪಾಲಿಗೆ ಬಂತು, ಅವು ಒಂದೇ ರಾಗದಲ್ಲಿ ಹೇಳಲಿಲ್ಲ.

ಕಾಶ್ಮೀರದ ಅನಂತನಾಗ್‌ನ ಭೂಸ್ವಾಧೀನ ಅಧಿಕಾರಿಯ ಮೇಲ್ಮನವಿ ಕೇವಲ ನಾಲ್ಕು ದಿನ ತಡವಾಗಿತ್ತು, ಅಷ್ಟಕ್ಕೇ ಹೈಕೋರ್ಟು ವಜಾ ಮಾಡಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಿಪಡಿಸುತ್ತ, ತಡವಾದ ಒಂದೊಂದು ದಿನಕ್ಕೂ ಕಾರಣ ಕೊಡಬೇಕು ಎಂಬ ಮಾತನ್ನು ಪಂಡಿತರ ಹಟದಂತೆ ಹಿಡಿಯಬಾರದು, ಹಾಗಾದರೆ ಒಂದೊಂದು ಗಂಟೆಗೆ, ಒಂದೊಂದು ಕ್ಷಣಕ್ಕೆ ಏಕೆ ಕಾರಣ ಕೇಳಬಾರದು ಎಂಬ ಅರ್ಥದಲ್ಲಿ ಉದಾರ ನಿಲುವು ತಾಳಿತು. ತಡಮಾಡಿ ಬಂದವನಿಗೆ ಅದರಿಂದ ಲಾಭವೇನೂ ಇಲ್ಲ ಎಂಬುದು ಅದರ ಹಿಂದಿದ್ದ ತರ್ಕ. ಆಮೇಲೆ ಎಷ್ಟೋ ವರ್ಷ ವಿಳಂಬ ಮನ್ನಾ ಅರ್ಜಿಗಳೆಲ್ಲ ಆ ತೀರ್ಪಿನ ನೆರಳಿನಲ್ಲೇ ಬಂದವು. ಪ್ರಮಾಣಪತ್ರಗಳಲ್ಲಿ ಕಾಮಾಲೆ, ಸೊಂಟನೋವು, ಊರು ಬಿಟ್ಟು ಕೂಲಿಗೆ ಹೋದದ್ದು, ವಕೀಲರು ತಿಳಿಸದೇ ಇದ್ದದ್ದು ಇವೇ ಪದೇ ಪದೇ ಕಾಣಿಸಿಕೊಳ್ಳತೊಡಗಿದವು. ಕೆಲವು ನಿಜ, ಕೆಲವು ಗುಮಾಸ್ತರ ಹಳೆಯ ಕಡತದಿಂದ ಹೆಸರು ಬದಲಿಸಿ ಇಳಿಸಿದವು.

ಗಾಳಿ ತಿರುಗಿತು. 2012ರಲ್ಲಿ ಅಂಚೆ ಇಲಾಖೆ 427 ದಿನ ತಡವಾಗಿ ಬಂದು ‘ಕಡತ ಮೇಜಿನಿಂದ ಮೇಜಿಗೆ ಹೋಗಬೇಕಲ್ಲ’ ಎಂದಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾಲಮಿತಿ ಸರ್ಕಾರಕ್ಕೂ ಒಂದೇ ಎಂದಿತು. 2025ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಕರ್ನಾಟಕ ಗೃಹ ಮಂಡಳಿಯ ಪ್ರಕರಣ ಬಂತು. ಕಲಬುರಗಿಯ ಜಮೀನಿನ ವ್ಯಾಜ್ಯವೊಂದರಲ್ಲಿ ಮಂಡಳಿ ಎರಡನೇ ಮೇಲ್ಮನವಿ ಹಾಕಿದ್ದು 3,966 ದಿನ ತಡವಾಗಿ, ಅಂದರೆ ಹತ್ತಿರ ಹತ್ತಿರ ಹನ್ನೊಂದು ವರ್ಷ. ಹೈಕೋರ್ಟು ಅದನ್ನು ಮನ್ನಿಸಿತ್ತು. ಸುಪ್ರೀಂ ಕೋರ್ಟ್ ಆ ಮನ್ನಣೆಯನ್ನೇ ರದ್ದು ಮಾಡಿ, ಮಂಡಳಿಯ ಮೇಲೆ ಖರ್ಚನ್ನೂ ಹೊರಿಸಿತು. ಹೊಲದವನು ಹತ್ತು ದಿನ ತಡ ಮಾಡಿದರೆ ಹತ್ತು ಪ್ರಶ್ನೆ, ಇಲಾಖೆ ಹತ್ತು ವರ್ಷ ಮಲಗಿದರೆ ಸಾರ್ವಜನಿಕ ಹಿತಾಸಕ್ತಿ ಎಂದು ಗೊಣಗುತ್ತಿದ್ದವರಿಗೆ ಇದು ತಡವಾಗಿ ಸಿಕ್ಕ ಸಮಾಧಾನ. ಖಾಸಗಿ ಕಕ್ಷಿದಾರರು ಇದರಿಂದ ಎಚ್ಚರಗೊಳ್ಳಬೇಕಾದದ್ದೂ ಇದೆ. ಹಳೆಯ ಉದಾರತೆಯ ಮೇಲೆ ಭಾರ ಹಾಕಿ ಕೂರುವ ಕಾಲ ಇದಲ್ಲ. ಆಸ್ಪತ್ರೆಯ ಚೀಟಿ, ಬಸ್ ಟಿಕೆಟು, ವಕೀಲರಿಗೆ ಕಳಿಸಿದ ಸಂದೇಶ ಯಾವುದಿದ್ದರೂ ಎತ್ತಿಟ್ಟುಕೊಂಡಿರಬೇಕು.

ಯಾವ ಬಾಗಿಲು

ತಾಲೂಕಿನ ಸಿವಿಲ್ ನ್ಯಾಯಾಧೀಶರ ಡಿಕ್ರಿಯ ಮೇಲೆ ಹೋಗುವುದು ಸಾಮಾನ್ಯವಾಗಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ. ವಕೀಲರ ಬಾಯಲ್ಲಿ ಅದು ‘ಆರ್‌ಎ’. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ತೀರ್ಪಾದರೆ ನೇರ ಹೈಕೋರ್ಟಿಗೆ, ಅಲ್ಲಿ ಅದು ‘ಆರ್‌ಎಫ್‌ಎ’. ಹಿರಿಯ ಸಿವಿಲ್ ನ್ಯಾಯಾಧೀಶರ ಮೂಲ ದಾವೆಗಳ ವಿಷಯದಲ್ಲಿ ದಾವೆಯ ಮೌಲ್ಯ ನೋಡಿ ಜಿಲ್ಲಾ ಕೋರ್ಟೋ ಹೈಕೋರ್ಟೋ ಎಂದು ವಿಂಗಡಿಸುವ ನಿಯಮವನ್ನು ಶಾಸನಸಭೆ ಕಾಲಕಾಲಕ್ಕೆ ತಿದ್ದಿದೆ. ಕಪಾಟಿನ ಹಳೆಯ ಪುಸ್ತಕ ನಂಬಿ ಇದನ್ನು ತೀರ್ಮಾನಿಸಬಾರದು. ಹೈಕೋರ್ಟು ಎಂದರೆ ಎಲ್ಲರೂ ಬೆಂಗಳೂರಿನ ಅಠಾರ ಕಚೇರಿಗೇ ಬರಬೇಕೆಂದೂ ಇಲ್ಲ. 2008ರಲ್ಲಿ ಸಂಚಾರಿ ಪೀಠಗಳಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಧಾರವಾಡ, ಕಲಬುರಗಿ ಪೀಠಗಳಿವೆ. ಕಾರವಾರದವರು ಧಾರವಾಡಕ್ಕೆ, ವಿಜಯಪುರದವರು ಕಲಬುರಗಿಗೆ ಹೋದರಾಯಿತು.

ಮೇಲ್ಮನವಿ ಪತ್ರದಲ್ಲಿ ಕೆಳಗಿನ ತೀರ್ಪು ಎಲ್ಲಿ ತಪ್ಪಿದೆ ಎಂಬ ಆಧಾರಗಳನ್ನು ಅಂಕಿ ಹಾಕಿ, ಚುಟುಕಾಗಿ ಬರೆಯಬೇಕು. ವಾದ ಹೂಡಬಾರದು, ಕತೆ ಹೇಳಬಾರದು ಎಂದು 41ನೇ ಆದೇಶದ ಮೊದಲ ನಿಯಮವೇ ಹೇಳುತ್ತದೆ. ಹಾಗಿದ್ದೂ ‘ಕೆಳಗಿನ ನ್ಯಾಯಾಲಯದ ತೀರ್ಪು ಕಾನೂನಿಗೂ ಸಾಕ್ಷ್ಯಕ್ಕೂ ವಿರುದ್ಧವಾಗಿದೆ’ ಎಂಬ ಒಂದೇ ಮಂತ್ರವನ್ನು ಹದಿನಾರು ಥರ ತಿರುಗಿಸಿ ಬರೆದ ಪತ್ರಗಳು ದಿನವೂ ದಾಖಲಾಗುತ್ತವೆ. ಮೇಲ್ಮನವಿಯ ವಿಷಯದ ಮೌಲ್ಯಕ್ಕೆ ಮೂಲ ದಾವೆಯಲ್ಲಿ ಎಷ್ಟು ಕೋರ್ಟ್ ಶುಲ್ಕ ಬರುತ್ತಿತ್ತೋ, 1958ರ ಕರ್ನಾಟಕ ಕೋರ್ಟ್ ಶುಲ್ಕ ಕಾಯ್ದೆಯಡಿ ಮೇಲ್ಮನವಿಗೂ ಅಷ್ಟೇ. ಕಟ್ಟಲಾಗದವರು ನಿರ್ಗತಿಕರೆಂದು ಅರ್ಜಿ ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ನೇ ಆದೇಶದಲ್ಲಿ ದಾರಿಯಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತವಾಗಿ ವಕೀಲರನ್ನು ಕೊಡುವ ತಾಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಆ ಬಾಗಿಲು ದಾಟುವವರು ಕಡಿಮೆ.

ನಮ್ಮ ಹಳ್ಳಿಗಳಿಂದ ಹೆಚ್ಚಾಗಿ ಬರುವ ಪಾಲು ದಾವೆಗಳಲ್ಲಿ ಇನ್ನೊಂದು ಗುಂಡಿ ಕಾದಿರುತ್ತದೆ. ಕೋರ್ಟು ಮೊದಲು ಯಾರಿಗೆಷ್ಟು ಭಾಗ ಎಂದು ಪ್ರಾಥಮಿಕ ಡಿಕ್ರಿ ಮಾಡುತ್ತದೆ. ಹೊಲ ಅಳೆದು, ಗಡಿ ಹಾಕಿ ಹಂಚುವುದು ಆಮೇಲಿನ ಅಂತಿಮ ಡಿಕ್ರಿ ಪ್ರಕ್ರಿಯೆಯಲ್ಲಿ, ಅದನ್ನು ‘ಎಫ್‌ಡಿಪಿ’ ಎನ್ನುತ್ತಾರೆ. ‘ಇದಿನ್ನೂ ಪ್ರಾಥಮಿಕ ತಾನೇ, ಕೊನೆಯದು ಬರಲಿ, ಆಗ ನೋಡೋಣ’ ಎಂದು ಅಣ್ಣತಮ್ಮಂದಿರು ಸುಮ್ಮನಾಗುತ್ತಾರೆ. ಪ್ರಾಥಮಿಕ ಡಿಕ್ರಿಯ ಮೇಲೆ ಆಗಲೇ ಮೇಲ್ಮನವಿ ಹಾಕದವನು ಅಂತಿಮ ಡಿಕ್ರಿಯ ಮೇಲ್ಮನವಿಯಲ್ಲಿ ಭಾಗದ ಲೆಕ್ಕ ತಪ್ಪೆಂದು ಹೇಳುವಂತಿಲ್ಲ ಎಂದು ಸಂಹಿತೆಯ 97ನೇ ಕಲಂ ಬಾಯಿ ಕಟ್ಟಿದೆ. ಕಾಲು ಭಾಗವೋ ಅರ್ಧ ಭಾಗವೋ ಎಂಬ ಜಗಳ ಮುಗಿದುಹೋಗಿ, ಬಾವಿ ಯಾರ ಪಾಲಿಗೆ ಎಂಬ ಜಗಳ ಮಾತ್ರ ಉಳಿದಿರುತ್ತದೆ.

ಹಾಗೆಂದು ಪಾಲು ದಾವೆಯಲ್ಲಿ ಕಾನೂನೇ ಬದಲಾದಾಗ ಕತೆ ಬೇರೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಸಿಗಲು, ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಪ್ರಕರಣ ಹೋದದ್ದು ಕರ್ನಾಟಕದಿಂದಲೇ. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಪ್ರಾಥಮಿಕ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿಯಲ್ಲಿ ಇಲ್ಲವೇ ಬಾಕಿಯಿರುವ ಮೇಲ್ಮನವಿಯಲ್ಲಿ ಮಗಳ ಪಾಲು ಸೇರಿಸಬೇಕೆಂದಿತು. ಮೇಲ್ಮನವಿ ದಾವೆಯ ಮುಂದುವರಿಕೆ ಎಂದು ವಕೀಲರು ಹೇಳುವ ಮಾತು ಪುಸ್ತಕದ ಮಾತಾಗಿ ಉಳಿಯದೆ, ಎಷ್ಟೋ ಅಕ್ಕತಂಗಿಯರ ಪಾಲಿಗೆ ಎಕರೆ ಗುಂಟೆಯಾಗಿ ಇಳಿದದ್ದು ಹೀಗೆ.

ಅಮೀನ ಬಾಗಿಲಿಗೆ ಬಂದಾಗ

‘ಅಪೀಲು ಹಾಕಿದ್ದೀವಿ, ಇನ್ನೇನೂ ಮಾಡಕ್ಕಾಗಲ್ಲ ಅವರಿಗೆ’ ಎಂದು ಧೈರ್ಯವಾಗಿ ಕೂತವರ ಮನೆಗೇ ಸ್ವಾಧೀನದ ವಾರಂಟು ಹಿಡಿದು ಅಮೀನ ಬರುತ್ತಾನೆ. ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲುವುದಿಲ್ಲ. ನಿಲ್ಲಿಸಲು ಬೇರೆಯೇ ಅರ್ಜಿ ಹಾಕಿ ತಡೆಯಾಜ್ಞೆ ಪಡೆಯಬೇಕು, ತಡೆ ಸಿಗದಿದ್ದರೆ ಭಾರಿ ನಷ್ಟವಾಗುತ್ತದೆ ಎಂದು ತೋರಿಸಬೇಕು, ತಡಮಾಡದೆ ಬಂದಿರಬೇಕು, ಭದ್ರತೆ ಕೊಡಬೇಕು. ಹಣದ ಡಿಕ್ರಿಯಾದರೆ ಕೋರ್ಟು ಹೇಳಿದಷ್ಟು ಠೇವಣಿ ಇಡದಿದ್ದರೆ ತಡೆಯಾಜ್ಞೆಯ ಆಸೆ ಬಿಡಬೇಕು. ಅವಧಿ ಮೀರಿ ಬಂದವರ ಪಾಡು ಇನ್ನೂ ಕಷ್ಟ. ವಿಳಂಬ ಮನ್ನಾ ಅರ್ಜಿ ತೀರ್ಮಾನವಾಗಿ ಮೇಲ್ಮನವಿ ವಿಚಾರಣೆಗೆ ಅರ್ಹ ಎಂದಾಗುವವರೆಗೆ ತಡೆ ಕೊಡಬಾರದು ಎಂದು 41ನೇ ಆದೇಶದ 3ಎ ನಿಯಮ ಹೇಳುತ್ತದೆ.

ಗೆದ್ದವನೂ ಸುಮ್ಮನಿರುವುದಿಲ್ಲ. 1976ರ ತಿದ್ದುಪಡಿಯಿಂದ ಬಂದ ಸಂಹಿತೆಯ 148ಎ ಕಲಮಿನಡಿ ಮೇಲಿನ ಕೋರ್ಟಿನಲ್ಲಿ ಕೇವಿಯಟ್ ಹಾಕಿಟ್ಟರೆ 90 ದಿನ ಅವನಿಗೆ ತಿಳಿಸದೆ ತಡೆಯಾಜ್ಞೆ ಕೊಡುವಂತಿಲ್ಲ. ತೊಂಬತ್ತೊಂದನೇ ದಿನ ಅದು ಸತ್ತಂತೆ. ಮತ್ತೆ ಹಾಕಲು ಮರೆತವರಿಗೆ ಏಕಪಕ್ಷೀಯ ತಡೆಯಾಜ್ಞೆಯ ನೋಟಿಸು ಅಂಚೆಯಲ್ಲಿ ಬರುತ್ತದೆ.

ಒಮ್ಮೆ ಸಿಕ್ಕ ತಡೆಯಾಜ್ಞೆ ಎಷ್ಟು ಕಾಲ? 2018ರಲ್ಲಿ ಸುಪ್ರೀಂ ಕೋರ್ಟ್, ಮುಂದುವರಿಸದಿದ್ದರೆ ಆರು ತಿಂಗಳಿಗೆ ತಡೆ ತಾನಾಗಿ ಬಿದ್ದುಹೋಗುತ್ತದೆ ಎಂದಿತ್ತು. ಆರು ತಿಂಗಳಲ್ಲಿ ಕೇಸು ಕೂಗಿಸಿಕೊಳ್ಳುವುದೇ ಕಷ್ಟವಾದ ಕೋರ್ಟುಗಳಲ್ಲಿ ಇದು ಗೊಂದಲ ತಂದಿತು. 2024ರ ಫೆಬ್ರುವರಿ 29ರಂದು ಐವರ ಸಂವಿಧಾನ ಪೀಠ ಆ ನಿಲುವನ್ನು ಕೈಬಿಟ್ಟಿತು.

ಸಂಗತಿಗೆ ಕೊನೆಯ ಕೋರ್ಟು

ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಕಕ್ಷಿದಾರರು ಹಣ ಮತ್ತು ಆಸೆಯನ್ನು ಎಲ್ಲಿ ಇಡುತ್ತಾರೆ ಎಂಬುದು. ತಾಲೂಕಿನ ಮೊದಲ ಮೇಲ್ಮನವಿಯನ್ನು ಅವರು ನಡುವಿನ ಬಸ್ ನಿಲ್ದಾಣದಂತೆ ನೋಡುತ್ತಾರೆ, ಇಳಿಯಬೇಕಾದ ಊರು ಹೈಕೋರ್ಟು. ಕಾನೂನಿನ ಲೆಕ್ಕ ಇದಕ್ಕೆ ತಿರುಗುಮುರುಗು. ಹೊಲ ಯಾರು ಉಳುತ್ತಿದ್ದರು, ಸಹಿ ಯಾರದು, ಹಣ ಕೊಟ್ಟದ್ದು ನಿಜವೇ, ಸಾಕ್ಷಿ ಸುಳ್ಳು ಹೇಳಿದನೇ ಇವನ್ನೆಲ್ಲ ಮೊದಲಿನಿಂದ ತೂಗಿ ನೋಡುವ ಅಧಿಕಾರ ಇರುವುದು ಮೊದಲ ಮೇಲ್ಮನವಿ ಕೋರ್ಟಿಗೆ. ಅದು ತೀರ್ಮಾನಕ್ಕೆ ಬರಬೇಕಾದ ಅಂಶಗಳನ್ನು ಬರೆದು, ಒಂದೊಂದಕ್ಕೂ ಕಾರಣ ಕೊಟ್ಟು ಉತ್ತರಿಸಬೇಕೆಂದು 41ನೇ ಆದೇಶದ 31ನೇ ನಿಯಮ ಕಟ್ಟುಹಾಕಿದೆ. ಕೆಳಗಿನ ತೀರ್ಪನ್ನು ‘ಒಪ್ಪಿದ್ದೇನೆ’ ಎಂದು ಎರಡು ಪುಟದಲ್ಲಿ ಮುಗಿಸಿದರೆ ಅದೇ ಒಂದು ದೋಷ.

ಅಲ್ಲಿಂದ ಮೇಲೆ ಹೋಗುವ ಎರಡನೇ ಮೇಲ್ಮನವಿಗೆ, ಅಂದರೆ ‘ಆರ್‌ಎಸ್‌ಎ’ಗೆ, ಸಂಹಿತೆಯ 100ನೇ ಕಲಮಿನ ಅಗುಳಿ ಇದೆ. 1976ರ ತಿದ್ದುಪಡಿಯ ನಂತರ ಪ್ರಕರಣದಲ್ಲಿ ಗಣನೀಯ ಕಾನೂನು ಪ್ರಶ್ನೆ ಅಡಗಿರಬೇಕು, ಹೈಕೋರ್ಟು ಮೊದಲು ಆ ಪ್ರಶ್ನೆಯನ್ನು ಬರೆದು ಆಮೇಲೆ ವಿಚಾರಣೆಗೆ ತೆಗೆದುಕೊಳ್ಳಬೇಕು. ನೋಂದಣಿಯಾಗದ ಪಾಲುಪತ್ರವನ್ನೇ ಹಕ್ಕಿನ ದಾಖಲೆಯೆಂದು ಓದಿದ್ದರೆ, ಮುಖ್ಯ ಸಾಕ್ಷ್ಯವನ್ನು ಕಣ್ಣೆತ್ತಿಯೂ ನೋಡದೆ ತೀರ್ಮಾನಿಸಿದ್ದರೆ ಪ್ರಶ್ನೆ ಹುಟ್ಟಬಹುದು. ‘ಸಾಕ್ಷಿ ಸುಳ್ಳು ಹೇಳಿದ, ನ್ಯಾಯಾಧೀಶರು ನಂಬಿಬಿಟ್ಟರು’ ಎಂಬುದು ಎಷ್ಟೇ ನಿಜವಾಗಿರಲಿ, ಅಲ್ಲಿ ಪ್ರಶ್ನೆಯೇ ಅಲ್ಲ. ಹಣ ವಸೂಲಿಯ ದಾವೆ 25,000 ರೂಪಾಯಿ ಮೀರದಿದ್ದರೆ ಎರಡನೇ ಮೇಲ್ಮನವಿಯೇ ಇಲ್ಲ.

ಸೋತ ಮೇಲೆ ಅಟ್ಟದಿಂದ ಕಾಗದ ಇಳಿಯುತ್ತದೆ, ಅದೂ ನಮ್ಮಲ್ಲಿ ಮಾಮೂಲು. ಅಜ್ಜನ ಕಾಲದ ಪಹಣಿ, ಚೀಟಿ, ರಸೀದಿ. ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯ ತರಲು 41ನೇ ಆದೇಶದ 27ನೇ ನಿಯಮ ಸಣ್ಣ ಸಂದು ಬಿಟ್ಟಿದೆ. ಕೆಳಗಿನ ಕೋರ್ಟು ಅದನ್ನು ತಪ್ಪಾಗಿ ನಿರಾಕರಿಸಿರಬೇಕು, ಇಲ್ಲವೇ ಎಷ್ಟು ಹುಡುಕಿದರೂ ಆಗ ಸಿಕ್ಕಿರಲಿಲ್ಲ ಎಂದು ತೋರಿಸಬೇಕು, ಇಲ್ಲವೇ ತೀರ್ಪು ಬರೆಯಲು ಕೋರ್ಟಿಗೇ ಅದು ಬೇಕೆನಿಸಬೇಕು. ನಿಮ್ಮದೇ ಅಟ್ಟದಲ್ಲಿದ್ದದ್ದು ಸಿಕ್ಕಿರಲಿಲ್ಲ ಎಂದರೆ ಯಾರು ನಂಬಬೇಕು?

ಇನ್ನು ಸಾವು. ಹದಿನಾಲ್ಕು ಜನ ಪ್ರತಿವಾದಿಗಳ ಪಾಲು ದಾವೆ ವರ್ಷಗಟ್ಟಲೆ ನಡೆಯುವಾಗ ಯಾರೋ ಒಬ್ಬರು ತೀರಿಕೊಳ್ಳುವುದು ಸಹಜ. ಅವರ ವಾರಸುದಾರರನ್ನು 90 ದಿನದಲ್ಲಿ ದಾಖಲೆಗೆ ತರದಿದ್ದರೆ ಅವರ ಮಟ್ಟಿಗೆ ಮೇಲ್ಮನವಿ ಬಿದ್ದುಹೋಗುತ್ತದೆ. ಬಿದ್ದದ್ದನ್ನು ಎತ್ತಲು ಇನ್ನು 60 ದಿನ. ಭಾಗಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಒಬ್ಬರ ಹೆಸರಿನ ಜೊತೆ ಇಡೀ ಮೇಲ್ಮನವಿಯೇ ಬೀಳಬಹುದು. ಜಗಳವಾಡಿ ಮಾತು ಬಿಟ್ಟ ದಾಯಾದಿಯ ಸಾವಿನ ಸುದ್ದಿ ಊರಿಗೆಲ್ಲ ಗೊತ್ತಾಗಿ, ಕಡೆಗೆ ಮೇಲ್ಮನವಿದಾರನ ಕಿವಿಗೆ ಬೀಳುತ್ತದೆ.

ಇಷ್ಟರ ನಡುವೆ, ಬಾಕಿ ಮೇಲ್ಮನವಿಗಳನ್ನು ಲೋಕ ಅದಾಲತ್ತಿಗೂ ಇಡುತ್ತಾರೆ. ರಾಜಿಯಾದರೆ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಎಷ್ಟೋ ಅಣ್ಣತಮ್ಮಂದಿರು ಅಲ್ಲಿಂದ ಒಂದೇ ಬಸ್ಸಿನಲ್ಲಿ ಊರಿಗೆ ಮರಳಿದ್ದೂ ಉಂಟು. ಆದರೆ ಅಲ್ಲಿನ ತೀರ್ಮಾನದ ಮೇಲೆ ಯಾವ ಕೋರ್ಟಿಗೂ ಮೇಲ್ಮನವಿ ಇಲ್ಲ, 1987ರ ಕಾನೂನು ಸೇವೆಗಳ ಕಾಯ್ದೆಯ 21ನೇ ಕಲಂ ಹಾಗೆಂದಿದೆ. ಅದಕ್ಕೇ ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ನುರಿತ ಗುಮಾಸ್ತ ಕಕ್ಷಿದಾರನ ಕೈ ಹಿಡಿದು, “ಯಜಮಾನ್ರೇ, ಒಂದ್ಸಲ ಪೂರ್ತಿ ಓದಿ ಹೇಳ್ತೀನಿ, ಕೇಳಿಸ್ಕೊಳ್ಳಿ” ಎನ್ನುತ್ತಾನೆ.